ಕಲ್ಲುಮಗಳ ಕಾವಲು

ಪರ್ಷಿಯದ ಸೇನೆ ಬರುತ್ತಿದೆಯೆಂದು ಅಥೆನ್ಸಿಗೆ ಅಥೆನ್ಸೇ ಹಡಗು ಹತ್ತುತ್ತಿದ್ದಾಗ ನನ್ನಪ್ಪ ಫೈದ್ರಿಯಾಸ್ ಮಾತ್ರ ಊರ ನಡುವಿನ ಗುಡ್ಡ ಹತ್ತಲು ಹೊರಟ. ಜ್ವರದಲ್ಲಿ ತೀರಿಕೊಂಡ ನನ್ನ ತಂಗಿ ಮೆಲಿತ್ತಳ ಹೆಸರಿನಲ್ಲಿ ಅವನು ಅಥೀನಾದೇವಿಗೆ ಒಪ್ಪಿಸಿದ್ದ ಕಲ್ಲಿನ ಹುಡುಗಿ ಅಲ್ಲಿ, ಗುಡಿಯಂಗಳದಲ್ಲಿದ್ದಳು. ಕೆಂಪು ಬಳಿದ ಜಡೆ, ಕೈಯಲ್ಲೊಂದು ದಾಳಿಂಬೆ.

"ಗುಡಿ ಕಾಯೋ ದೇವಿಯ ಹಾವು ನೈವೇದ್ಯದ ಜೇನುರೊಟ್ಟಿ ಮೂಸೂ ನೋಡಿಲ್ವಂತೆ. ದೇವೀನೇ ಹೊರಟೋದ್ಮೇಲೆ ನಿಂಗೇನಪ್ಪ ಅಲ್ಲಿ ಕೆಲಸ?" ಎಂದು ಅಂಗಲಾಚಿದೆ.

"ಹಾವಿಗೆ ಹೊಟ್ಟೆ ಕೆಟ್ಟಿರ್ಬೇಕು," ಎಂದ. "ಮರದ ಗೋಡೆ ಕಾಯುತ್ತೆ ಅಂತ ದೆಲ್ಫಿಯಲ್ಲಿ ದೇವರ ಮಾತಾಗಿದೆ. ಗುಡ್ಡದ ಮೇಲೆ ಮರದ ಬೇಲಿ ಕಟ್ತಿದಾರೆ."

"ಮರದ ಗೋಡೆ ಅಂದ್ರೆ ಹಡಗು, ಮಾವ," ಎಂದ ನನ್ನ ಗಂಡ ಲಿಕಿನೋಸ್.

"ಹುಟ್ಟು ಹಾಕೋನು ನೀನು. ನಿಂಗೆ ಕೊಟ್ಟಿಗೇನೂ ಹಡಗೇ!"

ನಾವು ಸಲಾಮಿಸ್ ದ್ವೀಪ ಸೇರಿದೆವು. ಅಲ್ಲಿಂದಲೇ ಗುಡ್ಡದ ಹೊಗೆ ಕಂಡಿತು. ಹೆಂಗಸರೆಲ್ಲ ಬಾಯಿ ಬಡಿದುಕೊಂಡರು. ನನಗೆ ಅಳು ಬರಲಿಲ್ಲ.

ಮರುವರ್ಷ ಶತ್ರುಗಳು ಪೂರ್ತಿ ತೊಲಗಿದ ಮೇಲೆ ನಾನೂ ಲಿಕಿನೋಸನೂ ಗುಡ್ಡ ಹತ್ತಿದೆವು. ಗುಡಿ ಸುಟ್ಟು ಕರಿಯಾಗಿತ್ತು. ಊರವರು ಒಪ್ಪಿಸಿದ್ದ ಕಲ್ಲಿನ ಹುಡುಗಿಯರೆಲ್ಲ ರುಂಡ ಹೋಗಿ ಬಿದ್ದಿದ್ದರು. ದಾಳಿಂಬೆ ಹಿಡಿದಿದ್ದ ಮೆಲಿತ್ತಳ ಕಲ್ಲಿನಡಿ ಮನುಷ್ಯನ ಮೂಳೆಗಳು ಸಿಕ್ಕಿಕೊಂಡಿದ್ದವು. ಹಿಂದೊಮ್ಮೆ ಕತ್ತೆಯ ಮೇಲಿಂದ ಬಿದ್ದು ಮುರಿದು ಸೊಟ್ಟಗೆ ಕೂಡಿಕೊಂಡ ಕಾಲಿನ ಮೂಳೆ ಅಪ್ಪನದೇ.

ಪೂಜಾರಿ ದೂರದಲ್ಲೇ ನಿಂತ. "ಹೆಣದ ಮೈಲಿಗೆ ಇಲ್ಲಿರ್ಬಾರ್ದು. ಕೆಳಗೆ ತಗೊಂಡ್ಹೋಗಮ್ಮ."

"ಕಲ್ಲನ್ನೂ ಕೊಡಿ. ಜೊತೆಗೇ ಮಣ್ಣು ಮಾಡ್ತೀನಿ."

"ಅದು ದೇವೀದು. ಒಡೆದ್ರೂ ದೇವೀದೇ. ಗುಡ್ಡ ಇಳಿಯೋ ಹಾಗಿಲ್ಲ."

"ಯಾವ ದೇವಿ?" ಲಿಕಿನೋಸ್ ಸಿಡಿದ. "ಮಾವನನ್ನ ಬಿಟ್ಟು ಓಡಿಹೋದೋಳಾ?"

"ನನ್ನಣ್ಣನೂ ಇಲ್ಲೇ ಉಳಿದಿದ್ದ," ಎಂದನಷ್ಟೆ ಪೂಜಾರಿ.

ಆಮೇಲೆ ಲಿಕಿನೋಸ್ ಸನ್ನೆಗೋಲು ಹಾಕಿ ಕಲ್ಲನ್ನೆತ್ತಿದ. ನಾನು ಅಪ್ಪನನ್ನು ಬಿಡಿಸಿ ಸೆರಗಿಗೆ ತುಂಬಿಕೊಂಡೆ. ಕಲ್ಲನ್ನು ಗುಡಿಯ ಆಳುಗಳು ಉಳಿದವುಗಳ ಜೊತೆ ಅಲ್ಲೇ ಹೂಳಲೆಂದು ತೋಡಿದ್ದ ಹಳ್ಳಕ್ಕುರುಳಿಸಿದರು. ಅದು ಬೋರಲು ಬಿತ್ತು.

"ಅಂಗಾತ ಮಲಗಿಸ್ರಪ್ಪ," ಎಂದೆ.

"ತಲೇನೇ ಇಲ್ವಲ್ಲಮ್ಮ," ಎಂದನೊಬ್ಬ. ಆದರೂ ಹಳ್ಳಕ್ಕಿಳಿದು ಹೊರಳಿಸಿದ. ಮೇಲೆ ಮಣ್ಣು ಬಿತ್ತು.

ಅಪ್ಪನನ್ನು ಊರಬಾಗಿಲಾಚೆ, ದಾರಿಯ ಪಕ್ಕ ಹೂಳಿದೆವು.

ಆ ಹಳ್ಳ ಈಗ ಮಟ್ಟಸವಾದ ಅಂಗಳ. ದೇವಿಗೆ ಹೊಸ ಉಡುಗೆ ಒಪ್ಪಿಸುವ ಹಬ್ಬದಂದು ಊರೆಲ್ಲ ಅದರ ಮೇಲೆ ನಿಲ್ಲುತ್ತದೆ. ಲಿಕಿನೋಸ್ ಬರುವುದಿಲ್ಲ. ನನ್ನ ಮಗಳು ಅಲ್ಲಿ ಕುಣಿಯತೊಡಗಿದರೆ, "ಇತ್ತ ಬಾರೇ," ಎಂದು ಕೈಹಿಡಿದು ಎಳೆದುಕೊಳ್ಳುತ್ತೇನೆ. ಯಾಕೆಂದು ಅವಳಿಗಿನ್ನೂ ಹೇಳಿಲ್ಲ.