ಹಿತ್ತಲ ಬಾಗಿಲ ಪಾಠ

"ಹಿತ್ತಲ ಬಾಗಿಲಿಂದಾನಾ? ತಲೆ ನೆಟ್ಟಗಿದೆಯೇನೇ ನಿಂಗೆ? ಅಪ್ಪನ್ನೇನು ಮನೆ ಕಸ ಅಂದ್ಕೊಂಡ್ಯಾ?"

ಅಣ್ಣನ ಕೂಗಿಗೆ ಹಜಾರದಲ್ಲಿ ಕೂತವರೆಲ್ಲ ತಲೆಯೆತ್ತಿದರು. ತಂಗಿ ಜಗ್ಗಲಿಲ್ಲ. ಅಪ್ಪನ ದೇಹವಿದ್ದ ಮಂಚಕ್ಕೆ ಅಡ್ಡಲಾಗಿ ನಿಂತಳು.

"ಅಪ್ಪನೇ ಹೇಳಿದ್ದು. ಅಮ್ಮನ ಕಣ್ಣೆದುರೇ ಆ ಬಾಗಿಲಿಂದ ಹೋಗ್ಬೇಕಂತೆ."

"ಜೀವಮಾನವಿಡೀ ಜನರ ಮುಂಬಾಗಿಲಲ್ಲಿ ನಿಂತು ಕಾಗದ ಕೊಟ್ಟ ಪೋಸ್ಟ್‌ಮ್ಯಾನ್ ಕಣೇ! ಕದ್ದ ಮಾಲಿನ ಥರ ಹಿಂದಿನಿಂದ ಸಾಗಿಸೋದಾ?"

"ಅಪರೂಪಕ್ಕೆ ಬಂದು ಉಂಡು ಹೋಗೋನು ನೀನು. ನಾಳೆಯಿಂದ ಅಮ್ಮ ದಿನಾ 'ಅವರೆಲ್ಲಿ' ಅಂತ ಕೇಳ್ತಾಳೆ. ದಿನಾ ಹೊಸದಾಗಿ 'ಸತ್ತುಹೋದ್ರಮ್ಮಾ' ಅನ್ನೋಕೆ ನೀನಿರ್ತೀಯಾ?"

ಅಣ್ಣ ಅಮ್ಮನ ಕಡೆ ತಿರುಗಿದ. ಮೂಲೆಯಲ್ಲಿ ಅಮ್ಮ, ಇಷ್ಟು ಜನ ಯಾಕೆ ಬಂದಿದ್ದಾರೆ ಎಂದು ಪಕ್ಕದ ಮನೆಯ ಕ್ಷೌರದವನನ್ನು ಮತ್ತೆ ಕೇಳುತ್ತಿದ್ದಳು.

*

ಮಿದುಳು ಜ್ವರ ಅಮ್ಮನ ಜೀವ ಬಿಟ್ಟು ನೆನಪನ್ನು ಹೊತ್ತೊಯ್ದಿತ್ತು. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕಿಲ್ಲ. ಡಾಕ್ಟರು ಕೈಚೆಲ್ಲಿದರು, ಅಪ್ಪ ಚೆಲ್ಲಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಬೀದಿಯ ಜನರ ಹೆಸರುಗಳನ್ನು ಕಲಿತದ್ದು ಬಾಗಿಲುಗಳಿಗೆ ಗಂಟುಹಾಕಿ. ನೀಲಿ ಗೇಟಿನ ಮೇಲೆ ಬಟ್ಟೆ ವ್ಯಾಪಾರಿಯನ್ನು ಕುದುರೆ ಸವಾರನ ಹಾಗೆ ಮನಸ್ಸಿನಲ್ಲೇ ಕೂರಿಸಿಬಿಟ್ಟರೆ ಮುಗಿಯಿತು, ಮರೆಯುವ ಮಾತೇ ಇಲ್ಲ.

ಆ ವಿದ್ಯೆಯನ್ನೇ ಮನೆಯೊಳಕ್ಕೆ ತಂದ. ದಿನವೂ ಹೆಂಡತಿಯ ಕೈ ಹಿಡಿದು ಅದೇ ದಾರಿಯಲ್ಲಿ ಸುತ್ತು. ಕಿಟಕಿಯ ಹತ್ತಿರ ಬಂದರೆ ಮಗಳ ಮದುವೆ. ಒಲೆಯ ಹತ್ತಿರ ಮುಂಗೋಪಿ ಮಗ. "ಮುಟ್ಟಬೇಡ, ಚುರುಕ್ ಅಂತಾನೆ!" ಅಮ್ಮ ನಗುತ್ತಿದ್ದಳು. ನಕ್ಕದ್ದು ಹೇಗೋ ಒಳಗೆ ಉಳಿಯುತ್ತಿತ್ತು.

ತನ್ನ ರೋಗ ವಾಸಿಯಾಗುವಂಥದ್ದಲ್ಲ ಎಂದು ತಿಳಿದ ಮೇಲೆ ಅವನು ಆ ದಿನದ ಸುತ್ತಿನಲ್ಲಿ ಹಿತ್ತಲ ಬಾಗಿಲನ್ನೂ ಸೇರಿಸಿದ. "ನಾನು ಇಲ್ಲಿಂದ ಹೋದೆ. ಇನ್ನು ಬರಲ್ಲ. ಅಗಳಿ ಹಾಕ್ಕೋ" ಎಂದು ಹೊರನಡೆಯುತ್ತಿದ್ದ. ಮೊದಮೊದಲು ಕೂಡಲೇ ಮುಂಬಾಗಿಲಿಂದ ಒಳಬಂದು ಪಾಠ ಕೆಡಿಸಿಕೊಂಡ. ಆಮೇಲೆ ಅವಳು ಉಂಡು ಮಲಗುವ ತನಕ ಕ್ಷೌರದಂಗಡಿಯಲ್ಲಿ ಹಸಿದು ಕೂರತೊಡಗಿದ.

"ಎಷ್ಟು ಸಲ ಅಂತ ಸಾಯ್ತೀಯೋ ಮಾರಾಯಾ?" ಎಂದು ಕ್ಷೌರದವನು ಕೇಳಿದರೆ, "ಅವಳಿಗೆ ಬಾಯಿಪಾಠ ಆಗೋವರೆಗೂ" ಎನ್ನುತ್ತಿದ್ದ.

*

ಅಣ್ಣ ಮುಂದೆ ಬಂದು ತಾನೇ ಮೊದಲ ಹೆಗಲು ಕೊಟ್ಟ. ಅಡಿಗೆಮನೆ ದಾಟುವಾಗ ಗೋಡೆಗೆ ಮೊಣಕೈ ತರಚಿತು. ಹಿತ್ತಲ ಬಾಗಿಲು ಕಿರಿದು. ಅಪ್ಪನನ್ನು ಸ್ವಲ್ಪ ಓರೆ ಮಾಡಿ ದಾಟಿಸಬೇಕಾಯಿತು. ಹಿಂದೆ ಅಗಳಿ ಬಿದ್ದ ಸದ್ದು ಅವನಿಗೆ ಕೇಳಿಸಿತು.

ಎಲ್ಲ ಮುಗಿಸಿ ಸಂಜೆ ಮನೆಗೆ ಬಂದಾಗ ಅಮ್ಮ ಹಜಾರದಲ್ಲಿ ಒಬ್ಬಳೇ ಇದ್ದಳು. ಈಗ ಕೇಳುತ್ತಾಳೆ ಎಂದು ಅವನೇ ಮೊದಲು ಬಾಯಿ ತೆರೆದ.

"ಅಮ್ಮಾ, ಅಪ್ಪ..."

"ಬಾ ಇಲ್ಲಿ" ಎಂದು ಅಮ್ಮ ಅವನ ಕೈ ಹಿಡಿದಳು. ಕಿಟಕಿಯ ಹತ್ತಿರ ಒಂದು ಗಳಿಗೆ ನಿಂತಳು. ಒಲೆಯ ಹತ್ತಿರ ಅವನ ಮುಖ ನೋಡಿ ನಕ್ಕಳು. ಹಿತ್ತಲ ಬಾಗಿಲಿಗೆ ಬಂದಾಗ ನಗು ಇರಲಿಲ್ಲ.

"ಅವರು ಇಲ್ಲಿಂದ ಹೋದರು. ಇನ್ನು ಬರಲ್ಲ."

ಅವನು ಅಳತೊಡಗಿದ. ಅಮ್ಮ ಒಂದು ಕೈಯಿಂದ ಅವನ ಬೆನ್ನು ಸವರುತ್ತ, ಇನ್ನೊಂದು ಕೈಯಿಂದ ಅಗಳಿ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿದಳು.