ಬೇಕರಿಯವನ ಅಂಗೈ

ಅಮ್ಮ ಮಗಳ ಜಡೆ ಹೆಣೆಯುತ್ತಿದ್ದಳು. ಅದು ದಿನಾ ಅಪ್ಪನ ಕೆಲಸ. ಬೇಕರಿಯಲ್ಲಿ ಮೂರೆಳೆಯ ಬ್ರೆಡ್ ಹೆಣೆಯುವ ಬೆರಳುಗಳಿಗೆ ಮಗಳ ಜಡೆ ಯಾವ ಲೆಕ್ಕ? ಈಗ ಅವನ ಎರಡೂ ಅಂಗೈಗೆ ಬ್ಯಾಂಡೇಜು.

“ಅಮ್ಮಾ, ಇದು ಜಡೆಯಲ್ಲ, ಹಗ್ಗ!”

“ಹಗ್ಗವಾದ್ರೂ ಪರವಾಗಿಲ್ಲ, ಅಲ್ಲಾಡ್ಬೇಡ ಕಣೇ,” ಎನ್ನುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಜಡೆ ಅರ್ಧಕ್ಕೇ ನಿಂತಿತು.

ಬಂದವಳು ಬೇಕರಿಯ ಒಲೆ ನೋಡಿಕೊಳ್ಳುವ ಹೆಂಗಸು. ಎಲ್ಲರ ಬಾಯಲ್ಲೂ ಒಲೆಯಕ್ಕ. ಮೈಮೇಲಿನ ಹಿಟ್ಟನ್ನೂ ಕೊಡವಿಕೊಂಡಿರಲಿಲ್ಲ.

“ಏನಯ್ಯಾ, ಮನೇಲಿ ಬಿಸಿನೀರು ಚೆಲ್ಕೊಂಡೆ ಅಂತ ಡಾಕ್ಟರಿಗೂ ಯಜಮಾನರಿಗೂ ಹೇಳಿದ್ದೀಯಂತೆ? ಒಲೆಯಿಂದ ಟ್ರೇ ಜಾರಿದಾಗ ನಾನೇನು ಕಣ್ಣು ಮುಚ್ಕೊಂಡಿದ್ನಾ?”

ಅಪ್ಪ ತಲೆ ತಗ್ಗಿಸಿದ. “ಬಿಡಕ್ಕ. ಇಷ್ಟು ವರ್ಷ ಒಲೆ ಮುಂದೆ ನಿಂತೂ ಕಾದ ಟ್ರೇನ ಬರಿಗೈಲಿ ಹಿಡಿದೆ. ತಪ್ಪು ನಂದು. ಯಾವ ಮುಖ ಇಟ್ಕೊಂಡು ಪರಿಹಾರ ಕೇಳಲಿ?”

“ಬ್ರೆಡ್ ನೆಲಕ್ಕೆ ಬೀಳೋದನ್ನ ನೋಡ್ಕೊಂಡು ಸುಮ್ನೆ ನಿಲ್ಲೋ ಬೇಕರಿಯವನು ಎಲ್ಲಿದ್ದಾನೆ ತೋರ್ಸು! ಪರಿಹಾರಕ್ಕೆ ತಪ್ಪು ಯಾರದು ಅಂತ ನೋಡಲ್ಲ ಕಣಯ್ಯಾ, ಗಾಯ ಕೆಲಸದಲ್ಲಿ ಆಯ್ತಾ ಅಂತ ನೋಡ್ತಾರೆ. ನನ್ನ ಕಾಲ ಮೇಲೆ ಹಿಟ್ಟಿನ ಮೂಟೆ ಬಿದ್ದಾಗ ಆಸ್ಪತ್ರೆ ಖರ್ಚೂ ಬಂತು, ಮಲಗಿದ್ದಷ್ಟು ದಿನದ ಸಂಬಳದಲ್ಲಿ ಬಹುಪಾಲೂ ಬಂತು. ಯಜಮಾನರಿಗೆ ಬೆಳಿಗ್ಗೆನೇ ಹೇಳಿದ್ದೀನಿ. ‘ಅವನೇ ಬಂದು ಹೇಳ್ಲಿ’ ಅಂದ್ರು. ಸಾಕ್ಷಿಗೆ ನಾನಿದ್ದೀನಿ. ಆದ್ರೆ ಡಾಕ್ಟರ ಹತ್ರ ಬಿಸಿನೀರು ಅಂತಲೇ ಉಳಿದ್ರೆ ನನ್ನ ಮಾತು ಯಾರು ನಂಬ್ತಾರೆ? ತಡ ಮಾಡಿದಷ್ಟೂ ಕಷ್ಟ. ನಡಿ, ಮೊದ್ಲು ಆಸ್ಪತ್ರೆಗೆ.”

ಕೈ ಮಾಯುವವರೆಗೆ ಮನೆ ಹೇಗೆ ನಡೆದೀತೆಂದು ನಿದ್ದೆಗೆಟ್ಟಿದ್ದ ಅಮ್ಮನಿಗೆ ಕಣ್ಣು ತುಂಬಿ ಬಂತು. ಒಡಹುಟ್ಟಿದವಳಾದರೂ ಉರಿಯುವ ಒಲೆ ಬಿಟ್ಟು ಹೀಗೆ ಓಡಿ ಬರುತ್ತಿದ್ದಳೋ ಇಲ್ಲವೋ. “ನಿಮ್ಮ ಹೊಟ್ಟೆ ತಣ್ಣಗಿರಲಿ ಅಕ್ಕಾ,” ಎಂದಳು.

“ಒಲೆ ಮುಂದೆ ನಿಲ್ಲೋಳ ಹೊಟ್ಟೆ ಎಲ್ಲಿ ತಣ್ಣಗಿರುತ್ತೆ, ಹೋಗಮ್ಮ!”

ಅರ್ಧ ಜಡೆಯಲ್ಲೇ ಮಗಳೂ ಹೊರಟಳು. ಮೊದಲ ದಿನ ಆಸ್ಪತ್ರೆಯಲ್ಲಿ ಅಪ್ಪ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಅಂದಿನಿಂದ ಒಂದು ಮಾತು ಬಿಸಿತುಪ್ಪದಂತೆ ಅವಳ ಬಾಯಲ್ಲೇ ಉಳಿದಿತ್ತು.

ಡಾಕ್ಟರು ಬ್ಯಾಂಡೇಜು ಬಿಚ್ಚುತ್ತ, “ಬಿಸಿನೀರಿನ ಗಾಯ ಹೇಗಿದೆ?” ಎಂದರು.

ಅಪ್ಪ ಒಲೆಯಕ್ಕನತ್ತ ನೋಡಿದ. ಒಲೆಯಕ್ಕ ಕೆಮ್ಮಿದಳು. ಅಮ್ಮ ಮಗಳ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟಳು.

“ಅಪ್ಪಾ, ಬೇಕರೀಲಿ ಸುಟ್ಟಿದ್ದನ್ನ ಮನೇಲಿ ಅಂತ ಯಾಕೆ ಹೇಳ್ದೆ?”