ತೋಟದಲ್ಲಿ ಮೀನಿನ ಬೇಲಿ

"ಅತ್ತಿಗೆ, ಹೊರಡಿ. ಹಡಗು ನಮಗೋಸ್ಕರ ಕಾಯಲ್ಲ."

ಬಟ್ಟೆಯ ಗಂಟು ಬಾಗಿಲಲ್ಲೇ ಇತ್ತು. ಸಾಲ್ಹಾ ಮಾತ್ರ ಮೊಣಕಾಲುದ್ದ ನೀರಿನಲ್ಲಿ ನಿಂತು ಖರ್ಜೂರದ ಗರಿಗಳ ಬುಡ ಚೂಪು ಮಾಡುತ್ತಿದ್ದಳು. ಆ ನೀರು ಮೊನ್ನೆ ಮೊನ್ನೆಯವರೆಗೆ ಅವಳ ತೋಟವಾಗಿತ್ತು. ಕೆರ್ಕೆನ್ನಾ ದ್ವೀಪದ ಈ ಅಂಚಿಗೆ ಸಮುದ್ರ ನೆಂಟನ ಹಾಗೆ ಹೇಳಿಕಳಿಸಿಯೇ ಬಂದಿತ್ತು. ಮೊದಲು ಬಾವಿ ಉಪ್ಪಾಯಿತು, ಆಮೇಲೆ ಮರಗಳ ತಲೆ ಬಾಡಿತು, ಕೊನೆಗೆ ತಾನೇ ಬಂದು ಕೂತಿತು. ಸರ್ಕಾರದ ತಡೆಗೋಡೆಯ ಕಲ್ಲುಗಳು ಇನ್ನೂ ದಾರಿಯಲ್ಲೇ ಇದ್ದವು.

ಗಂಡ ತಿಜಾನಿ ಸತ್ತ ಮೇಲೆ ಇದು ಎರಡನೆಯ ಚಳಿಗಾಲ. ಅವಳನ್ನು ಆಚೆ ದಡದ ಸ್ಫಾಕ್ಸ್ ಪಟ್ಟಣಕ್ಕೆ ಕರೆದೊಯ್ಯಲು ಮೈದುನ ಲಸ್ಸಾದ ಬಂದಿದ್ದ.

"ಈ ನೀರಲ್ಲೇನು ಕೆಲಸ ನಿಮಗೆ?"

"ಗರಿ ನೆಟ್ಟು ಮೀನು ಸಿಕ್ಕಿಸೋ ಬೇಲಿ ಹಾಕ್ತೀನಿ. ನಮ್ಮ ಹಳೇ ಪಾಲಿನಲ್ಲಿ ನೀರು ಆಳ ಆಗಿದೆ, ಗರಿ ಮುಳುಗ್ತದೆ. ಮೀನೂ ಈಗ ಇಲ್ಲಿಗೇ ಬರ್ತಾವೆ."

"ಇದು ತೋಟ ಅತ್ತಿಗೆ."

"ಅಜ್ಜನ ಕಾಲದಿಂದ ಸಮುದ್ರದಲ್ಲಿ ನಮಗೆ ಪಾಲಿದೆ. ತೋಟವೂ ಸಮುದ್ರ ಆದ್ರೆ ಪಾಲು ದೊಡ್ಡದಾಯ್ತು, ಅಷ್ಟೆ."

ಲಸ್ಸಾದನಿಗೆ ನಗು ಬಂತು, ಸಿಟ್ಟೂ ಬಂತು. "ಚಳೀಲಿ ಸಾಯ್ತೀರಿ."

"ನೀರಿಗಿಳಿದ ಮೇಲೆ ಮಳೆಯೇನು, ಚಳಿಯೇನು."

"ಸರಿ, ಹಗ್ಗದ ಆ ತುದಿ ಯಾರು ಹಿಡೀತಾರೆ?"

ಬೇಲಿ ನೆಟ್ಟಗಿರಬೇಕಾದರೆ ಒಬ್ಬರು ಹಗ್ಗ ಬಿಗಿಹಿಡಿದು ನಿಲ್ಲಬೇಕು, ಇನ್ನೊಬ್ಬರು ಅದರ ಗುಂಟ ಗರಿ ನೆಡಬೇಕು. ತಿಜಾನಿ ಹಿಡಿಯುತ್ತಿದ್ದ. ಹಾರುವ ಹಕ್ಕಿ ನೋಡುತ್ತ ಸಡಿಲ ಬಿಡುತ್ತಿದ್ದ, ಅವಳ ಬಾಯಲ್ಲಿ ಬೈಸಿಕೊಳ್ಳುತ್ತಿದ್ದ. ಈಗ ಬೈಯಲೂ ಯಾರಿಲ್ಲವೆಂಬುದು ಅವಳಿಗೆ ಹಸಿವಿಗಿಂತ ಹೆಚ್ಚು ಕಷ್ಟವಾಗಿತ್ತು.

"ಇವತ್ತೊಂದಿನ ನೀನೇ ಹಿಡಿ," ಎಂದಳು.

ಅವನು ತನ್ನ ಬೂಟುಗಳನ್ನು ನೋಡಿಕೊಂಡ. ದೂರದಲ್ಲಿ ಹಡಗು ಕೂಗಿತು. "ನನ್ನ ಅಂಗಡಿ ಬಾಗಿಲು ತೆಗೀಬೇಕು ಅತ್ತಿಗೆ. ನಮ್ಮನೇಲಿ ನಿಮ್ಮ ಕೋಣೆ ಹಾಗೇ ಇರ್ತದೆ, ಯಾವಾಗ ಬೇಕಾದ್ರೂ ಬನ್ನಿ." ಹೊರಟವನು ಬಾಗಿಲಲ್ಲಿದ್ದ ಗಂಟನ್ನು ಒಳಗಿಟ್ಟು ಹೋದ.

ಅವನ ತಲೆ ಮರೆಯಾಗುವವರೆಗೆ ಸಾಲ್ಹಾ ನಿಂತೇ ಇದ್ದಳು. ಆಮೇಲೆ ನೀರಿನ ನಡುವೆ ತಲೆಯಿಲ್ಲದೆ ನಿಂತಿದ್ದ ಖರ್ಜೂರದ ಮರವೊಂದರ ಹತ್ತಿರ ಹೋದಳು. ಮದುವೆಯಾದ ವರ್ಷ ತಿಜಾನಿ ನೆಟ್ಟದ್ದು. ಹಗ್ಗದ ತುದಿಯನ್ನು ಅದರ ಕಾಂಡಕ್ಕೆ ಸುತ್ತಿ ಗಂಟು ಹಾಕಿದಳು. ಇನ್ನೊಂದು ತುದಿ ಹಿಡಿದು, ಗರಿಗಳ ಕಂತೆ ಎಳೆದುಕೊಂಡು ನೀರಿನಲ್ಲಿ ಮುಂದೆ ಹೋಗಿ ಜಗ್ಗಿ ನೋಡಿದಳು. ಹಗ್ಗ ಬಿಗಿಯಾಗಿ ನಿಂತಿತು.

"ಸಡಿಲ ಬಿಡಬೇಡ ಮಾರಾಯ," ಎಂದು ಹಿಂದಕ್ಕೆ ತಿರುಗದೆಯೇ ಹೇಳಿ, ಮೊದಲ ಗರಿಯನ್ನು ಕೆಸರಿಗೆ ಒತ್ತಿದಳು.